ಮೊದ್ಲು ನಿಮ್ ಬಾಯಿ, ಆಮೇಲೆ ಬೇರೆಯವ್ರ ಬಾಯಿ: ಸ್ಟ್ಯಾಂಡಪ್‌ನಿಂದ ಟಿವಿಗೆ ಹೋಗೋ ದಾರಿ

ಶಿವಮೊಗ್ಗಕ್ಕೆ ಬಂದಾಗ್ಲೆಲ್ಲ ಯಾರಾದ್ರೂ ಒಬ್ಬ ಹುಡುಗ ಹಿಡ್ಕೊಂಡು ಕೇಳೇ ಕೇಳ್ತಾನೆ, ಅಣ್ಣಾ ನಂಗೆ ಸ್ಟ್ಯಾಂಡಪ್ ಮಾಡ್ಬೇಕು, ಆಮೇಲೆ ಟಿವಿಗೆ ಬರೀಬೇಕು, ಆಮೇಲೆ ನಂದೇ ಒಂದು ಶೋ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ. ಗೋಪಿ ಸರ್ಕಲ್ಲಲ್ಲಿ ಕಾಫಿ ಕುಡೀತಾ ನಿಂತು ಹತ್ತು ನಿಮಿಷದಲ್ಲಿ ಹೇಳೋ ವಿಷ್ಯ ಅಲ್ಲ ಅದು, ಹಂಗಾಗಿ ಒಂದ್ಸಲ ಕೂತು ಬರೆದೇ ಬಿಡಣ ಅನ್ನಿಸ್ತು. ನಾನು ರಿಪ್ಪನ್‌ಪೇಟೆ ಹತ್ರದವ್ನು. ನಾಲ್ಕು ವರ್ಷ ಸ್ಟೇಜ್ ಮೇಲೆ ಮಾತಾಡಿ, ಏಳು ವರ್ಷ ಬೆಂಗಳೂರಲ್ಲಿ ಕಾಮಿಡಿ ಸ್ಕಿಟ್ಟು, ಸೀರಿಯಲ್ ಡೈಲಾಗು ಬರೆದು, ಈಗ ಎರಡು ವರ್ಷದಿಂದ ಸಣ್ಣ ಪ್ರೊಡಕ್ಷನ್ ಒಂದ್ರಲ್ಲಿ ಪಾಲುದಾರ. ಹೆಸ್ರು ಹೇಳಿದ್ರೂ ಯಾರಿಗೂ ಗೊತ್ತಾಗಲ್ಲ, ರೈಟರ್ ಅಂದ್ರೆ ಅಷ್ಟೇ.

ಮೊದ್ಲು ಒಂದು ತಲೆಗೆ ಹಾಕ್ಕೊಳಿ, ಇದು ಒಂದೇ ಮನೆಯ ಮೂರು ಮೆಟ್ಟಿಲಲ್ಲ, ಮೂರು ಬೇರೆ ಬೇರೆ ಕೆಲ್ಸ. ಸ್ಟ್ಯಾಂಡಪ್ಪಲ್ಲಿ ಜೋಕೂ ನಿಮ್ದು ಬಾಯೂ ನಿಮ್ದು. ಟಿವಿಗೆ ಬರಿಯೋವಾಗ ಜೋಕ್ ನಿಮ್ದು, ಬಾಯಿ ಇನ್ಯಾರ್ದೋ. ಪ್ರೊಡ್ಯೂಸರ್ ಆದ್ಮೇಲೆ ಜೋಕೂ ಬೇರೆಯವ್ರದ್ದು ಬಾಯೂ ಬೇರೆಯವ್ರದ್ದು, ಸಾಲ ಮಾತ್ರ ನಿಮ್ದು. ಸ್ಟೇಜ್ ಮೇಲೆ ಜನ ಬಿದ್ದು ಬಿದ್ದು ನಗೋ ಹಂಗೆ ಮಾಡೋನು ಟಿವಿಗೆ ಬರೆಯೋಕೆ ಕೂತ್ರೆ ಮಕಾಡೆ ಮಲಗಿರೋದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಯಾಕಂದ್ರೆ ಅವ್ನು ಬರೆಯೋ ಪಾತ್ರಗಳೆಲ್ಲ ಅವನ ಹಂಗೇ ಮಾತಾಡ್ತವೆ, ಅಜ್ಜಿನೂ ಅವನೇ, ಪೊಲೀಸೂ ಅವನೇ, ಸೊಸೆನೂ ಅವನೇ.

ಸರಿ, ಸ್ಟೇಜಿಂದ ಶುರು ಮಾಡಣ. ನಮ್ ಕಡೆ ಹಾಸ್ಯ ಅಂದ್ರೆ ಜನಕ್ಕೆ ನೆನಪಾಗೋದು ಹಾಸ್ಯ ಸಂಜೆ, ಗಂಗಾವತಿ ಪ್ರಾಣೇಶ್, ಪ್ರೊಫೆಸರ್ ಕೃಷ್ಣೇಗೌಡ್ರು, ರಿಚರ್ಡ್ ಲೂಯಿಸ್ ಅಂಥವ್ರು ಆರಾಮಾಗಿ ಮುಕ್ಕಾಲು ಗಂಟೆ ಮಾತಾಡ್ತಾರೆ, ನಡುವೆ ಬೀಚಿ ಬರ್ತಾರೆ, ಗಾದೆ ಬರತ್ತೆ, ಯಾರ್ದೋ ಮದ್ವೆ ಪ್ರಸಂಗ ಬರತ್ತೆ, ಕೊನೇಲಿ ಒಂದು ನೀತಿನೂ ಬರತ್ತೆ. ಅದು ಬೇರೆ ವಿದ್ಯೆ, ಅದಕ್ಕೆ ಓದು ಬೇಕು, ವಯಸ್ಸು ಬೇಕು. ಓಪನ್ ಮೈಕಲ್ಲಿ, ಅಂದ್ರೆ ಯಾರು ಬೇಕಾದ್ರೂ ಹೆಸ್ರು ಕೊಟ್ಟು ಸ್ಟೇಜ್ ಹತ್ಬಹುದಾದ ಕಾರ್ಯಕ್ರಮದಲ್ಲಿ, ನಿಮ್ಗೆ ಸಿಗೋದು ಐದು ನಿಮಿಷ, ಜನಕ್ಕೆ ನೀವ್ಯಾರು ಅಂತಾನೇ ಗೊತ್ತಿರಲ್ಲ, ಮೊದಲ ನಗು ಅರ್ಧ ನಿಮಿಷದ ಒಳಗೆ ಬರ್ಲಿಲ್ಲ ಅಂದ್ರೆ ಎಲ್ರೂ ಮೊಬೈಲ್ ತೆಗೀತಾರೆ. ಹಂಗಾಗಿ ಮೊದಲ ವರ್ಷ ಪೂರ್ತಿ ಒಂದೇ ಗುರಿ ಇಟ್ಕೊಳಿ, ಎಲ್ಲಿ ಯಾವಾಗ ಎಬ್ಬಿಸಿ ನಿಲ್ಲಿಸಿದ್ರೂ ಕೈ ಕೊಡದ ಐದು ನಿಮಿಷ. ಐದೇ. ಅದಕ್ಕಿಂತ ಜಾಸ್ತಿ ಬೇಡ.

ಸರಕು ಎಲ್ಲಿಂದ ತರೋದು ಅಂತ ಕೇಳ್ತಾರೆ, ನಮ್ಮೂರಲ್ಲಿ ಅದಕ್ಕೆಂತ ಬರ. ಆದ್ರೆ ಹುಡುಗ್ರು ಮಾಡೋ ತಪ್ಪು ಎಂತ ಅಂದ್ರೆ ಇನ್‌ಸ್ಟಾದಲ್ಲಿ ನೋಡಿದ ಮುಂಬೈ ಕಾಮಿಡಿಯನ್ ಹಂಗೆ ಮೆಟ್ರೋ, ಡೇಟಿಂಗ್ ಆ್ಯಪು, ಫ್ಲ್ಯಾಟ್ ಓನರು ಅಂತ ಶುರು ಮಾಡ್ತಾರೆ, ಹೊಸನಗರದಲ್ಲಿ ಯಾವ ಮೆಟ್ರೋ ಮಾರಾಯ. ನಿಮ್ಮ ಮನೆ ಜಗಲಿ ಮೇಲೆ ದಿನಾ ಏನು ನಡೀತದೆ ಅದನ್ನ ಬರೀರಿ. ನಾನು ಮೊದಲ ವರ್ಷ ಮಾಡಿದ ಒಂದು ಜೋಕನ್ನೇ ಇಲ್ಲಿ ಬಿಚ್ಚಿ ತೋರಿಸ್ತೀನಿ, (ಮೆತ್ತು ಅಂದ್ರೆ ನಮ್ ಕಡೆ ಮನೆ ಅಟ್ಟ) ಮೊದಲ ಸಲ ಬರೆದಿದ್ದು ಹಿಂಗಿತ್ತು:

ನಮ್ಮ ಅಪ್ಪಯ್ಯಂಗೆ ಅಡಿಕೆ ರೇಟ್ ಏರಿದ್ರೆ ತಡಿ ಇನ್ನೂ ಏರತ್ತೆ ಅಂತಾರೆ, ಇಳಿದ್ರೆ ಈಗ ಕೊಟ್ರೆ ಲಾಸು ಅಂತಾರೆ, ನನ್ನ ಮದ್ವೆ ವಿಷ್ಯದಲ್ಲೂ ಅಪ್ಪಯ್ಯ ಇದೇ ಲೆಕ್ಕ ಹಾಕಿದ್ರಿಂದ ಮೆತ್ತಿನ ಮೇಲಿರೋ ಅಡಿಕೆ ಹಂಗೆ ನಾನೂ ರೂಮಲ್ಲೇ ಉಳ್ಕೊಂಡಿದೀನಿ.

ಯಾರೂ ನಗ್ಲಿಲ್ಲ. ಒಬ್ರು ಪಾಪ ಅಂದ್ರು. ಆಮೇಲೆ ಹತ್ತು ಹನ್ನೆರಡು ಸಲ ತಿದ್ದಿ ತಿದ್ದಿ ಹಿಂಗಾಯ್ತು:

ನಂಗೆ ಮೂವತ್ತೈದು, ಇನ್ನೂ ಮದ್ವೆ ಆಗಿಲ್ಲ. ಕಾರಣ ಅಪ್ಪಯ್ಯ. ಅವ್ರಿಗೆ ಅಡಿಕೆ ರೇಟ್ ಏರಿದ್ರೆ, ತಡಿ ಇನ್ನೂ ಏರತ್ತೆ. ಇಳಿದ್ರೆ, ಈಗ ಕೊಟ್ರೆ ಲಾಸು. ಹತ್ತು ವರ್ಷ ಆಯ್ತು. ಮೆತ್ತಿನ ಮೇಲೆ ಅಡಿಕೆ, ಕೆಳಗೆ ರೂಮಲ್ಲಿ ನಾನು.

ಏನು ಬದಲಾಯ್ತು ನೋಡಿ. ಮದ್ವೆ ವಿಷ್ಯದಲ್ಲೂ ಇದೇ ಲೆಕ್ಕ ಅಂತ ನಾನು ವಿವರಿಸ್ತಿದ್ದ ಸಾಲು ಹೋಯ್ತು, ಅದನ್ನ ಜನ ತಾವೇ ಕೂಡಿಸ್ಕೊಂಡ್ರು, ಕೂಡಿಸ್ಕೊಂಡಾಗ್ಲೇ ನಗು ಬರೋದು. ಮದ್ವೆ ಅನ್ನೋ ಮಾತು ಮುಂದಕ್ಕೆ ಬಂತು, ಇಲ್ದಿದ್ರೆ ಕೊನೇಲಿ ಗಂಟು ಬೀಳ್ತಿರ್ಲಿಲ್ಲ. ಇನ್ನೊಂದು ಇದೆ, ಇದನ್ನ ಯಾವ ಇಂಗ್ಲಿಷ್ ವಿಡಿಯೋನೂ ಹೇಳ್ಕೊಡಲ್ಲ. ನಮ್ ಭಾಷೇಲಿ ಕ್ರಿಯಾಪದ ಕೊನೆಗೆ ಬರತ್ತೆ, ಹಂಗಾಗಿ ನಗಿಸ್ಬೇಕಾದ ಪದ ವಾಕ್ಯದ ಮಧ್ಯೆ ಸಿಕ್ಕಾಕ್ಕೊಂಡು ಅದರ ಮೇಲೆ ಇದೀನಿ, ಆಗಿದೆ, ಅಂತಾರೆ ಅನ್ನೋ ಬಾಲ ಬಿದ್ದಿರತ್ತೆ, ಜನ ನಗೋಕೆ ಬಾಯಿ ತೆಗೆದಾಗ ನೀವಿನ್ನೂ ಮಾತಾಡ್ತಾನೇ ಇರ್ತೀರಿ. ಬಾಲ ಕತ್ತರಿಸಿ. ಕೆಳಗೆ ರೂಮಲ್ಲಿ ನಾನಿದೀನಿ ಅನ್ಬೇಡಿ, ಕೆಳಗೆ ರೂಮಲ್ಲಿ ನಾನು ಅಂದು ಬಾಯಿ ಮುಚ್ಕೊಳಿ. ಇಂಗ್ಲಿಷ್ ಜೋಕನ್ನ ಕನ್ನಡಕ್ಕೆ ತಂದ್ರೆ ಸಪ್ಪೆ ಆಗೋದೂ ಬಹುತೇಕ ಇದೇ ಕಾರಣಕ್ಕೆ.

ಯಾವಾಗ ಬರಿಯೋದು ಯಾವಾಗ ಸ್ಟೇಜ್ ಹತ್ತೋದು ಅನ್ನೋದಕ್ಕೆ ಮಲೆನಾಡಲ್ಲಿ ಕ್ಯಾಲೆಂಡರ್ ಮಳೆನೇ ಹಾಕ್ಕೊಟ್ಟಿದೆ. ಜೂನಿಂದ ಸೆಪ್ಟೆಂಬರ್ ಬರೀರಿ, ಹೊರಗೆ ಹೋಗೋಕಾಗಲ್ಲ, ಕರೆಂಟಿರಲ್ಲ, ತೋಟದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡ್ಸೋದು ಬಿಟ್ರೆ ಬೇರೆ ಕೆಲ್ಸ ಕಮ್ಮಿ. ಗಣಪತಿ ಹಬ್ಬಕ್ಕೆ ಶುರು ಮಾಡಿ ದೀಪಾವಳಿ ಆದ್ಮೇಲೆ ಪೂರ್ತಿ ಸ್ಟೇಜಿಗೆ ಇಳೀರಿ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡೋದೂ ಆಗ್ಲೇ, ಸುಮ್ನೆ ಅಲ್ಲ ಅದು. ನಾನೊಂದ್ಸಲ ಆಗಸ್ಟಲ್ಲಿ ಸೊಸೈಟಿ ವಾರ್ಷಿಕೋತ್ಸವ ಒಂದಕ್ಕೆ ಒಪ್ಕೊಂಡೆ, ಹಾಲ್ ಮೇಲೆ ತಗಡು, ಪಂಚ್ ಬಂದಾಗ್ಲೆಲ್ಲ ಮಳೆ ಜೋರು, ನಾನು ಬಾಯಿ ಆಡಿಸ್ತಿದೀನಿ, ಜನ ಕೈ ಕಿವಿಗೆ ಇಟ್ಕೊಂಡು ಆಂ ಆಂ ಅಂತಿದಾರೆ. ಕೊನೆಗೆ ಹಾರ ಹಾಕಿ ಕಳ್ಸಿದ್ರು, ಪಾಪ ಒಳ್ಳೇವ್ರು.

ಶಿವಮೊಗ್ಗದಲ್ಲಿ ವಾರ ವಾರ ಓಪನ್ ಮೈಕ್ ಇರ್ಬೇಕು ಅಂತ ಕಾಯ್ಕೊಂಡು ಕೂರ್ಬೇಡಿ, ನೀವೇ ಮಾಡಿ. ಬೆಳಿಗ್ಗೆ ತಿಂಡಿಗೆ ಮಾತ್ರ ಜನ ಬರೋ ಹೋಟೆಲ್ ಅಥವಾ ಕೆಫೆ ಸಂಜೆ ಖಾಲಿ ಇರತ್ತೆ, ಓನರ್ ಹತ್ರ ಹೋಗಿ ಇಪ್ಪತ್ತು ಜನ ಕರ್ಕೊಂಡು ಬರ್ತೀವಿ ಎಲ್ರೂ ಕಾಫಿ ತಗೋತಾರೆ ಅಂದ್ರೆ ಜಾಗ ಕೊಡ್ತಾರೆ, ಒಂದು ಸ್ಪೀಕರ್ ಒಂದು ಮೈಕ್ ಸಾಕು. ಕಾಲೇಜ್ ಫೆಸ್ಟು, ಗಣಪತಿ ಪೆಂಡಾಲು, ಆರ್ಕೆಸ್ಟ್ರಾದವ್ರು ಡ್ರೆಸ್ ಬದ್ಲಾಯಿಸೋ ಗ್ಯಾಪು, ಎಲ್ಲಿ ಸಿಕ್ಕಿದ್ರೂ ಹತ್ತಿ. ಪೆಂಡಾಲಲ್ಲಿ ಅಜ್ಜಿ ಮೊಮ್ಮಗ ಇಬ್ರೂ ಇರ್ತಾರೆ, ಅವ್ರಿಬ್ರನ್ನೂ ಒಂದೇ ಸಾಲಲ್ಲಿ ನಗಿಸೋಕೆ ಬಂದ್ರೆ ಟಿವಿಗೆ ಅರ್ಧ ತಯಾರಾದಂಗೆ, ಟಿವಿ ಮುಂದೆ ಕೂರೋದೂ ಅವ್ರೇ. ಒಂದೇ ಎಚ್ಚರ, ಸಣ್ಣೂರಲ್ಲಿ ನೀವು ಯಾರ ಮೇಲೆ ಜೋಕ್ ಮಾಡ್ತೀರೋ ಅವ್ರು ಎರಡನೇ ಸಾಲಲ್ಲಿ ಕೂತಿರ್ತಾರೆ, ಇಲ್ಲಾ ಅವ್ರ ಭಾವ ಕೂತಿರ್ತಾರೆ. ಜಾತಿ, ಬಣ್ಣ, ಅಂಗವಿಕಲತೆ ಇವನ್ನ ಹಿಡ್ಕೊಂಡು ನಗಿಸೋದು ಸುಲಭ, ಬೇಡ, ಅದು ನಿಮ್ಮ ಬರವಣಿಗೆನ ಸೋಮಾರಿ ಮಾಡತ್ತೆ.

ಪ್ರತಿ ಸಲ ಫೋನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಕೇಳಿ. ಕೇಳೋಕೆ ಹಿಂಸೆ ಆಗತ್ತೆ, ಆದ್ರೂ ಕೇಳಿ. ಎಲ್ಲಿ ನಕ್ಕರು, ಎಷ್ಟೊತ್ತು ನಕ್ಕರು, ಎಲ್ಲಿ ಕೆಮ್ಮು ಕೇಳ್ತು ಅಂತ ನೋಟ್‌ಬುಕ್ಕಲ್ಲಿ ಗುರುತು ಹಾಕಿ. ಕೆಮ್ಮು ಕೇಳಿದ ಜಾಗದಲ್ಲಿ ಕತ್ತರಿ.

ಒಂದು ವಿಷ್ಯ ನಂಗೆ ತಡವಾಗಿ ಹೊಳೀತು. ಸ್ಟ್ಯಾಂಡಪ್ ಕಲಿಯೋಕೆ ನಾನು ಎರಡು ವರ್ಷ ಯೂಟ್ಯೂಬ್ ನೋಡಿದೆ, ಆದ್ರೆ ನಮ್ಮೂರಲ್ಲೇ ರಾತ್ರಿಯೆಲ್ಲ ಆಟ ನಡೀತಿತ್ತು. ಯಕ್ಷಗಾನ ಪ್ರಸಂಗದಲ್ಲಿ ಬರೆದಿರೋದು ಪದ್ಯ ಮಾತ್ರ, ಅರ್ಥ ಅಂದ್ರೆ ಮಾತೆಲ್ಲ ಕಲಾವಿದ ಅಲ್ಲೇ ಕಟ್ಟೋದು. ಅದರಲ್ಲಿ ಹಾಸ್ಯಗಾರನ್ನ ನೋಡಿ, ದೂತ ಆಗಿ ಬರ್ತಾನೆ, ಬ್ರಾಹ್ಮಣ ಆಗಿ ಬರ್ತಾನೆ, ಬಾಹುಕ ಆಗಿ ಬರ್ತಾನೆ, ಒಂದೊಂದಕ್ಕೂ ನಡಿಗೆ ಬೇರೆ ಮಾತು ಬೇರೆ, ಆ ಊರಿನ ರಸ್ತೆ ಗುಂಡಿನೂ ಒಳಗೆ ಬರತ್ತೆ, ಆದ್ರೆ ಕಥೆ ಎಲ್ಲೂ ನಿಲ್ಲಲ್ಲ, ರಾಜನ ಪಾತ್ರದ ತೂಕ ಕೆಡಲ್ಲ. ಇದೇ ಅಲ್ವಾ ಟಿವಿಗೆ ಬೇಕಾಗಿರೋದು. ತಾಳಮದ್ದಳೆ ಸಿಕ್ರೆ ಇನ್ನೂ ಒಳ್ಳೇದು, ವೇಷ ಇಲ್ಲ ಕುಣಿತ ಇಲ್ಲ, ಬರೀ ಮಾತು, ಎದ್ರಿಗೆ ಕೂತೋರ ಮಾತಿನ ಕೊನೆ ಎಳೆ ಹಿಡ್ಕೊಂಡು ಇವ್ರು ಹೆಂಗೆ ತಿರುಗಿಸ್ತಾರೆ ಅನ್ನೋದನ್ನ ಕಿವಿಗೊಟ್ಟು ಕೇಳಿ. ನಾಟಕದ ಕಡೆ ಒಲವಿದ್ರೆ ಸಾಗರದ ಹತ್ರ ಹೆಗ್ಗೋಡಿದೆ, ಕೆ.ವಿ. ಸುಬ್ಬಣ್ಣ ಕಟ್ಟಿದ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ಕೊಡ್ತಿದಾರೆ, 1985ರಿಂದ ತಿರುಗಾಟ ಅಂತ ನಾಟಕ ಊರೂರಿಗೆ ತಗೊಂಡು ಹೋಗ್ತಿದಾರೆ. ಕಾಮಿಡಿ ಬರೆಯೋಕೆ ನಾಟಕ ಎಂತಕ್ಕೆ ಅನ್ಬೇಡಿ. ಒಂದು ಪಾತ್ರ ಬಾಗಿಲಿಂದ ಒಳಗೆ ಯಾಕೆ ಬರತ್ತೆ, ಬಂದ್ಮೇಲೆ ಯಾಕೆ ಹೊರಗೆ ಹೋಗ್ದೆ ನಿಲ್ಲತ್ತೆ ಅನ್ನೋದು ಅಲ್ಲಿ ಗೊತ್ತಾಗತ್ತೆ, ಓಪನ್ ಮೈಕಲ್ಲಿ ಗೊತ್ತಾಗಲ್ಲ.

ಈಗ ಎರಡನೇ ಕೆಲ್ಸಕ್ಕೆ ಬರಣ, ನನ್ ಪ್ರಕಾರ ಅಸಲಿ ವಿಷ್ಯ ಇದೇ.

ಅಮೆರಿಕಾದಲ್ಲಿ ಜಡ್ ಅಪಟೋವ್ ಅಂತ ಒಬ್ರಿದಾರೆ, ಹೈಸ್ಕೂಲ್ ಹುಡುಗ ಇದ್ದಾಗ್ಲೇ ಶಾಲೆ ರೇಡಿಯೋಗೆ ಅಂತ ಹೇಳ್ಕೊಂಡು ದೊಡ್ಡ ದೊಡ್ಡ ಕಾಮಿಡಿಯನ್‌ಗಳನ್ನ ಸಂದರ್ಶನ ಮಾಡಿ ಹೆಂಗೆ ಬರೀತೀರಿ ಅಂತ ಕೇಳ್ಕೊಂಡು ಬಂದ ಪುಣ್ಯಾತ್ಮ. ಆಮೇಲೆ ತಾನೂ ಸ್ಟ್ಯಾಂಡಪ್ ಮಾಡಿದ್ರು, ಆದ್ರೆ ಕೈ ಹಿಡಿದಿದ್ದು ಬೇರೆಯವ್ರಿಗೆ ಜೋಕ್ ಬರ್ಕೊಟ್ಟಿದ್ದು. ಗ್ಯಾರಿ ಶ್ಯಾಂಡ್ಲಿಂಗ್ ಅನ್ನೋ ಕಾಮಿಡಿಯನ್ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭ ನಡೆಸೋವಾಗ ಅವ್ರಿಗೆ ಜೋಕ್ ಬರೆದ್ರು, ಅಲ್ಲಿಂದ ಶ್ಯಾಂಡ್ಲಿಂಗ್ ಅವ್ರ ಟಿವಿ ಶೋ, ಅಲ್ಲಿಂದ ಪ್ರೊಡ್ಯೂಸರ್. ನಾವೂ ಇದನ್ನ ಮಾಡ್ಬಹುದು, ಅದಕ್ಕೆ ಗ್ರ್ಯಾಮಿನೇ ಬೇಕು ಅಂತೇನಿಲ್ಲ. ನಿಮ್ ಜೊತೆ ಓಪನ್ ಮೈಕ್ ಮಾಡೋ ಇನ್ನೊಬ್ಬನಿಗೆ ಎರಡು ನಿಮಿಷ ಬರ್ಕೊಡಿ, ಅವ್ನ ಧಾಟೀಲಿ. ಮದ್ವೆ ರಿಸೆಪ್ಷನ್ ನಿರೂಪಣೆ ಮಾಡೋ ಅಕ್ಕಂಗೆ ಹತ್ತು ಸಾಲು ಬರ್ಕೊಡಿ. ನಿಮ್ ಸಾಲಿಗೆ ಅವ್ರು ಚಪ್ಪಾಳೆ ತಗೊಂಡಾಗ ಹಿಂದಿನ ಸಾಲಲ್ಲಿ ಕೂತ ನಿಮ್ಗೆ ಖುಷಿ ಆಯ್ತಾ ಹೊಟ್ಟೆ ಉರೀತಾ ಅಂತ ನೋಡ್ಕೊಳಿ. ಹೊಟ್ಟೆ ಉರಿದ್ರೆ ಟಿವಿ ಬೇಡ, ಸ್ಟೇಜಲ್ಲೇ ಇರಿ, ಅದೇನೂ ಕಮ್ಮಿ ಅಲ್ಲ.

ಅಭ್ಯಾಸಕ್ಕೆ ನಾನು ಎಲ್ರಿಗೂ ಕೊಡೋದು ಒಂದೇ, ಕರೆಂಟ್ ಹೋಯ್ತು ಅನ್ನೋ ಒಂದು ಸುದ್ದಿ ತಗೊಂಡು ನಾಲ್ಕು ಜನರ ಬಾಯಲ್ಲಿ ಹೇಳ್ಸಿ. ಅಜ್ಜಿ: ಬಂದಿದ್ದು ಯಾವಾಗ? ಲೈನ್‌ಮ್ಯಾನ್: ನಾವು ತೆಗ್ದಿದ್ದಲ್ಲ ಸ್ವಾಮಿ, ಅದಾಗೇ ಹೋಗಿದ್ದು. ಊರಿನ ಪುಢಾರಿ: ಕರೆಂಟ್ ತಂದಿದ್ದೇ ನಾವು. ಎಂಜಿನಿಯರಿಂಗ್ ಹುಡುಗ: ನಾಲ್ಕು ಪರ್ಸೆಂಟ್ ಇದೆ ಅಮ್ಮಾ ಮಾತಾಡಿಸ್ಬೇಡ. ಬರೆದಾದ್ಮೇಲೆ ಎಡಗೈಲಿ ಪಾತ್ರಗಳ ಹೆಸ್ರು ಮುಚ್ಚಿ ಓದಿ, ಯಾರು ಮಾತಾಡ್ತಿರೋದು ಅಂತ ಗೊತ್ತಾಗ್ಬೇಕು, ಗೊತ್ತಾಗ್ಲಿಲ್ಲ ಅಂದ್ರೆ ಆ ಪಾತ್ರ ಇನ್ನೂ ಹುಟ್ಟಿಲ್ಲ.

ಇನ್ನೊಂದು, ಸ್ಟೇಜಿನ ಜೋಕು ಸೀನ್ ಆಗೋದು ಹೆಂಗೆ ಅಂತ. ಮೇಲಿನ ಅಡಿಕೆ ಜೋಕನ್ನೇ ತಗೊಳಿ. ಸೀರಿಯಲ್ಲಲ್ಲಿ ಮಗ ಕ್ಯಾಮೆರಾ ನೋಡಿ ಮೆತ್ತಿನ ಮೇಲೆ ಅಡಿಕೆ ಕೆಳಗೆ ನಾನು ಅನ್ನೋಕಾಗಲ್ಲ. ಅಲ್ಲಿ ಯಾರಿಗೋ ಏನೋ ಬೇಕಾಗಿರ್ಬೇಕು, ಇನ್ಯಾರೋ ಅಡ್ಡ ಬರ್ಬೇಕು. ಹಂಗಾಗಿ ಹಿಂಗೆ ಮಾಡಿದ್ವಿ, ಮಗ ಬ್ರೋಕರ್ ಫೋನಿಗೆ ಕಾಯ್ತಿದಾನೆ, ಅಪ್ಪಯ್ಯ ಹೊರಗೆ ಅಡಿಕೆ ಮಂಡಿಯವ್ರ ಹತ್ರ ಫೋನಲ್ಲಿದಾರೆ, ಮಗ ಬಾಗಿಲ ಹಿಂದೆ ನಿಂತು ಕೇಳ್ತಾನೆ, ಅಪ್ಪಯ್ಯ ಹೇಳ್ತಿರೋದು ಹಿಂಗೆ. ಹಳೇದು ಹೌದು. ಬಣ್ಣ ಸ್ವಲ್ಪ ಮಂಕಾಗಿದೆ. ಒಳಗೆ ಗಟ್ಟಿ ಇದೆ ಮಾರಾಯ, ಹುಳ ಗಿಳ ಏನಿಲ್ಲ. ಬಂದಷ್ಟಕ್ಕೆ ಕೊಟ್ಬಿಡ್ತೀನಿ, ಮನೇಲಿ ಜಾಗ ಖಾಲಿ ಆದ್ರೆ ಸಾಕಾಗಿದೆ. ಅಪ್ಪಯ್ಯ ಒಂದೂ ಜೋಕ್ ಹೇಳಿಲ್ಲ ನೋಡಿ, ಸೀರಿಯಸ್ಸಾಗಿ ವ್ಯಾಪಾರ ಮಾತಾಡ್ತಿದಾರೆ. ನಗು ಇರೋದು ಮಗನ ಮುಖದಲ್ಲಿ, ಅಲ್ಲಿ ನಾನು ಬರೆದ ಮಾತೇ ಇಲ್ಲ. ಸ್ಟ್ಯಾಂಡಪ್‌ನಿಂದ ಬಂದವ್ರಿಗೆ ಇದು ಅರಗಿಸ್ಕೊಳ್ಳೋಕೆ ಕಷ್ಟ, ಬರೀದೇ ಇರೋದೂ ಬರವಣಿಗೆ ಅಂತ ಒಪ್ಪೋಕೆ ನಂಗೆ ಒಂದೂವರೆ ವರ್ಷ ಹಿಡೀತು.

ಕೆಲ್ಸ ಸಿಗೋದು ಹೆಂಗೆ? ರೀಲ್ಸ್ ತೋರಿಸಿದ್ರೆ ನಿಮ್ಮನ್ನ ನಟ ಅನ್ಕೋತಾರೆ, ರೈಟರ್ ಅನ್ಕೊಳಲ್ಲ. ಬರೆದಿದ್ದನ್ನ ತಗೊಂಡು ಹೋಗಿ. ಏಳೆಂಟು ನಿಮಿಷದ ಸ್ಕಿಟ್ ಎರಡು, ಈಗ ನಡೀತಿರೋ ಸೀರಿಯಲ್ಲೊಂದರ ಪಾತ್ರಗಳನ್ನಿಟ್ಕೊಂಡು ನೀವೇ ಬರೆದ ಮೂರು ಸೀನು, ನಿಮ್ದೇ ಹೊಸ ಶೋ ಐಡಿಯಾ ಒಂದು ಪುಟ, ಅಷ್ಟು ಸಾಕು. ಟೈಪ್ ಮಾಡಿ, ಯುನಿಕೋಡಲ್ಲಿ, ಕಾಗುಣಿತ ಸರಿ ಮಾಡಿ, ಮೊದಲ ಪುಟದಲ್ಲಿ ತಪ್ಪಿದ್ರೆ ನಾನೇ ಎರಡನೇ ಪುಟ ತಿರುಗಿಸಲ್ಲ. ಸ್ಕಿಟ್ ಬರೆಯೋರು ವಾರ ವಾರ ಬೇಕಾಗ್ತಾರೆ, ಕಾಮಿಡಿ ರಿಯಾಲಿಟಿ ಶೋಗಳಲ್ಲಿ ಒಬ್ಬ ಕೈ ಕೊಟ್ರೆ ಶುಕ್ರವಾರ ರಾತ್ರಿ ಫೋನ್ ಬರತ್ತೆ, ಸೋಮವಾರ ಬೆಳಿಗ್ಗೆಗೆ ಬೇಕು ಅಂತ. ಹೊಸಬ್ರಿಗೆ ಬಾಗಿಲು ತೆಗೆಯೋದು ಬಹುಪಾಲು ಆ ಫೋನೇ. ಬರಲ್ಲ ಅನ್ಬೇಡಿ. ಶುರುವಲ್ಲೇ ಬೆಂಗಳೂರಲ್ಲಿ ಮನೆ ಮಾಡಿ ಅಡ್ವಾನ್ಸ್ ಕೊಟ್ಟು ಕೂರೋದೂ ಬೇಡ, ಬೆಳಗಿನ ಜನಶತಾಬ್ದಿ ಇದೆ, ತಾಳಗುಪ್ಪದಿಂದ ಹೋಗೋ ರಾತ್ರಿ ಟ್ರೈನಿದೆ, ನಾನು ಒಂದು ವರ್ಷ ಹಂಗೇ ಓಡಾಡಿದೀನಿ, ಅರ್ಧ ಸ್ಕಿಟ್ಟು ಬರೆದಿದ್ದೇ ಸ್ಲೀಪರ್ ಬರ್ತಲ್ಲಿ.

ಒಳಗೆ ಹೋದ್ಮೇಲೆ ಭಾಷೆ ಬೇರೆ. ಅರ್ಧ ಗಂಟೆ ಸ್ಲಾಟ್ ಅಂದ್ರೆ ಜಾಹೀರಾತು ತೆಗೆದು ನಿಮ್ಗೆ ಉಳಿಯೋದು ಸುಮಾರು 22 ನಿಮಿಷ. ಒಬ್ರು ಕಥೆ ಚಿತ್ರಕಥೆ ಮಾಡ್ತಾರೆ, ಯಾವ ಸೀನ್ ಆದ್ಮೇಲೆ ಯಾವ್ದು ಅನ್ನೋ ಸೀನ್ ಆರ್ಡರ್ ಬರತ್ತೆ, ನೀವು ಡೈಲಾಗ್ ತುಂಬ್ಬೇಕು, ಡೈಲಿ ಸೀರಿಯಲ್ ಆದ್ರೆ ದಿನಾ. ಸೆಟ್ಟಲ್ಲಿ ಎಷ್ಟೋ ಕಲಾವಿದರು ಪ್ರಾಂಪ್ಟಿಂಗ್ ಮೇಲೆ ಮಾತಾಡೋದು, ಅಸಿಸ್ಟೆಂಟ್ ಡೈರೆಕ್ಟರ್ ಪಕ್ಕದಲ್ಲಿ ಕೂತು ಸಾಲು ಹೇಳ್ತಾ ಹೋಗ್ತಾರೆ ಇವ್ರು ಹಿಂದೆ ಹಿಂದೆ ಹೇಳ್ತಾರೆ. ಮಂಡಿಗೆ ಲಾರಿ ಹೋಗೋ ಹಂಗೆ ಉದ್ದುದ್ದ ಸಾಲು ಬರೆದ್ರೆ ಪ್ರಾಂಪ್ಟ್ ಮಾಡೋಕಾಗಲ್ಲ, ಅರ್ಧಕ್ಕೆ ಕಡಿದು ಹೇಳ್ತಾರೆ, ನಿಮ್ ಜೋಕ್ ಕಥೆ ಮುಗೀತು. ಹಂಗಾಗಿ ಒಂದು ಉಸಿರಿಗೊಂದು ಸಾಲು. ಗುರುವಾರ ಬಾರ್ಕ್ ರೇಟಿಂಗ್, ಅಂದ್ರೆ ಯಾವ ಶೋನ ಎಷ್ಟು ಜನ ನೋಡಿದ್ರು ಅನ್ನೋ ಟಿಆರ್‌ಪಿ ಲೆಕ್ಕ ಬರತ್ತೆ, ಅವತ್ತು ಚಾನೆಲ್ ಆಫೀಸಲ್ಲಿ ಕಾಫಿ ರುಚಿನೂ ಬದಲಾಗತ್ತೆ. ಟಿಆರ್‌ಪಿ ಇಳಿದಿದ್ರೆ ಮೂರು ವಾರ ಹಿಂದೆ ಒಪ್ಪಿದ್ದ ಕಥೆ ಅವತ್ತು ಸಂಜೆ ಬಿದ್ದೋಗತ್ತೆ, ನೀವು ಸಿಟ್ಟು ಮಾಡ್ಕೊಂಡ್ರೂ ಅಷ್ಟೇ ಮಾಡ್ಕೊಳ್ದಿದ್ರೂ ಅಷ್ಟೇ.

ಸಿಟ್ಟಿನ ಮಾತು ಬಂತಲ್ಲ, ಅಮೆರಿಕಾದ ಕಾಮಿಡಿ ರೈಟರ್ ಲ್ಯಾರಿ ಡೇವಿಡ್ ಕಥೆ ಹೇಳ್ಲೇಬೇಕು. ನ್ಯೂಯಾರ್ಕಲ್ಲಿ ಸ್ಟ್ಯಾಂಡಪ್ ಮಾಡ್ತಿದ್ರು, ಜನ ನಗದಿದ್ರೆ ಸ್ಟೇಜ್ ಬಿಟ್ಟು ನಡೆದೇ ಬಿಡೋ ಸ್ವಭಾವ. 1984ರಲ್ಲಿ ಸ್ಯಾಟರ್ಡೇ ನೈಟ್ ಲೈವ್ ಅನ್ನೋ ಟಿವಿ ಕಾಮಿಡಿ ಶೋಗೆ ರೈಟರ್ ಆಗಿ ಸೇರ್ಕೊಂಡ್ರು, ಒಂದು ಸೀಸನ್ ಪೂರ್ತಿ ಬರೆದಿದ್ರಲ್ಲಿ ಪ್ರಸಾರ ಆಗಿದ್ದು ಒಂದೇ ಸ್ಕೆಚ್. ಒಂದು ಶನಿವಾರ ತಲೆಕೆಟ್ಟು ಪ್ರೊಡ್ಯೂಸರ್ ಮೇಲೆ ಕೂಗಾಡಿ ಕೆಲ್ಸ ಬಿಟ್ಟು ಹೊರಟ್ರು, ಮನೆಗೆ ನಡ್ಕೊಂಡು ಹೋಗ್ತಾ ಎಷ್ಟು ದುಡ್ಡು ಕಳ್ಕೊಂಡೆ ಅಂತ ಲೆಕ್ಕ ಹಾಕಿದ್ರು, ಸೋಮವಾರ ಏನೂ ಆಗೇ ಇಲ್ಲ ಅನ್ನೋ ಹಂಗೆ ವಾಪಸ್ ಬಂದು ಮೀಟಿಂಗಲ್ಲಿ ಕೂತ್ರು. ಆಮೇಲೆ ಜೆರ್ರಿ ಸೈನ್‌ಫೆಲ್ಡ್ ಜೊತೆ ಸೇರಿ ಮಾಡಿದ ಶೋನಲ್ಲಿ ಇದನ್ನೇ ಒಂದು ಎಪಿಸೋಡ್ ಮಾಡಿದ್ರು. 1989ರಲ್ಲಿ ಶುರುವಾದ ಆ ಸೈನ್‌ಫೆಲ್ಡ್ 1998ರ ತನಕ ಒಂಬತ್ತು ಸೀಸನ್ ಓಡ್ತು. ನಾನು ಕಲ್ತಿದ್ದು ಇಷ್ಟು, ರಾಜೀನಾಮೆ ಶನಿವಾರ ಕೊಡಿ, ವಾಪಸ್ ಬರೋಕೆ ಭಾನುವಾರ ಇರತ್ತೆ.

ದುಡ್ಡಿನ ವಿಷ್ಯ ಬೇಗ ಮುಗಿಸ್ತೀನಿ, ಬರೆಯೋಕೂ ಬೇಜಾರು. ನನ್ನ ಎರಡನೇ ವರ್ಷ ಒಂದು ಕಂಪನಿಗೆ ಹನ್ನೊಂದು ಸ್ಕಿಟ್ ಬರ್ಕೊಟ್ಟೆ, ಬಾಯ್ಮಾತಲ್ಲಿ, ನಾಲ್ಕಕ್ಕೆ ದುಡ್ಡು ಬಂತು, ಉಳಿದ ಏಳಕ್ಕೆ ಸಾರ್ ಮುಂದಿನ ವಾರ ಅಂತ ಇವತ್ತಿಗೂ ಮುಂದಿನ ವಾರನೇ. ಹಂಗಾಗಿ ಕೆಲ್ಸ ಶುರು ಮಾಡೋ ಮುಂಚೆ ಎಷ್ಟು, ಯಾವಾಗ, ಸ್ಕ್ರೀನಲ್ಲಿ ಹೆಸ್ರು ಬರತ್ತಾ ಇಲ್ವಾ ಅಂತ ಒಂದು ಈಮೇಲ್ ಆದ್ರೂ ಹಾಕ್ಸಿ. ಐಡಿಯಾಗೆ ಕಾಪಿರೈಟ್ ಇಲ್ಲ, ಬರೆದಿಟ್ಟ ರೂಪಕ್ಕೆ ಇದೆ, ಇದು ಗೊತ್ತಿಲ್ದೇ ಎಷ್ಟೋ ಜನ ಕ್ಯಾಂಟೀನಲ್ಲಿ ಕಥೆ ಹೇಳಿ ಬರ್ತಾರೆ. ಬಾಯಲ್ಲಿ ಹೇಳೋ ಮೊದ್ಲು ಬರೆದು ನಿಮಗೇ ಮೇಲ್ ಮಾಡ್ಕೊಳಿ, ದೊಡ್ಡ ಕೆಲ್ಸ ಆದ್ರೆ ಕಾಪಿರೈಟ್ ಆಫೀಸಲ್ಲಿ ಆನ್‌ಲೈನ್ ನೋಂದಣಿ ಮಾಡ್ಸಿ, ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. 2012ರ ತಿದ್ದುಪಡಿ ಆದ್ಮೇಲೆ ಬರಹಗಾರರಿಗೆ ರಾಯಲ್ಟಿ ಹಕ್ಕಿನ ವಿಷ್ಯದಲ್ಲಿ ಕಾನೂನಿನ ಬೆಂಬಲ ಇದೆ, ಅದನ್ನೂ ತಿಳ್ಕೊಂಡಿರಿ, ಎಗ್ರಿಮೆಂಟಿಗೆ ಸಹಿ ಹಾಕೋ ಮುಂಚೆ ವಕೀಲರೊಬ್ರಿಗೆ ತೋರಿಸಿ. ದುಡ್ಡು ಕೊಡೋರು ಹತ್ತು ಪರ್ಸೆಂಟ್ ಟಿಡಿಎಸ್ ಅಂತ ತೆರಿಗೆ ಹಿಡಿದ್ರೆ ಬೈಬೇಡಿ, ರಿಟರ್ನ್ಸ್ ಹಾಕಿದ್ರೆ ಲೆಕ್ಕಕ್ಕೆ ಬರತ್ತೆ.

ಪ್ರೊಡ್ಯೂಸರ್ ಆಗೋದು ಕೊನೆಗೆ. ಇಲ್ಲಿ ಒಂದು ಗೊಂದಲ ಇದೆ, ಅಮೆರಿಕಾದ ಕಾಮಿಡಿ ಶೋಗಳಲ್ಲಿ ಹತ್ತು ಹದಿನೈದು ಪ್ರೊಡ್ಯೂಸರ್ ಹೆಸ್ರು ಬರ್ತವಲ್ಲ, ಅದರಲ್ಲಿ ಬಹಳಷ್ಟು ರೈಟರ್‌ಗಳೇ, ಸ್ಟಾಫ್ ರೈಟರ್, ಸ್ಟೋರಿ ಎಡಿಟರ್, ಕೋ ಪ್ರೊಡ್ಯೂಸರ್ ಅಂತ ಹತ್ಕೊಂಡು ಹೋಗಿ ಮೇಲೆ ಕೂತೋರು ಶೋರನ್ನರ್. ಅಂದ್ರೆ ಅಲ್ಲಿ ಬರೆಯೋನ ಕೈಲಿ ಶೋ. ನಮ್ಮಲ್ಲಿ ನಿರ್ಮಾಪಕ ಅಂದ್ರೆ ದುಡ್ಡು ಹಾಕೋರು. ಬರವಣಿಗೆಯಿಂದ ಬಂದೋರು ಆ ಕುರ್ಚಿಗೆ ಹೋಗ್ಬೇಕು ಅಂದ್ರೆ ತಮ್ದೇ ಕಂಪನಿ ಮಾಡ್ಬೇಕು. ಕಪಿಲ್ ಶರ್ಮಾ ಮಾಡಿದ್ದು ಹಂಗೇ, ಅಮೃತಸರದವ್ರು, 2007ರಲ್ಲಿ ಟಿವಿ ಕಾಮಿಡಿ ಸ್ಪರ್ಧೆ ಗೆದ್ರು, 2013ರಲ್ಲಿ ತಮ್ದೇ ಕೆ9 ಬ್ಯಾನರಲ್ಲಿ ಶೋ ಶುರು ಮಾಡಿದ್ರು. ನಡುವೆ ಆರು ವರ್ಷ ಬೇರೆಯವ್ರ ಶೋಗಳಲ್ಲಿ ದುಡಿದಿದಾರೆ ಅನ್ನೋದನ್ನ ಮಾತ್ರ ನಮ್ ಹುಡುಗ್ರು ಲೆಕ್ಕಕ್ಕೆ ತಗೊಳಲ್ಲ.

ಹಂಗಾಗಿ ಕಂಪನಿ ಮಾಡೋ ಮುಂಚೆ ಒಂದಾರು ತಿಂಗಳು ಪ್ರೊಡಕ್ಷನ್ ಮ್ಯಾನೇಜರ್ ಹಿಂದೆ ಸುತ್ತಿ, ಸಂಬಳ ಕೊಡದಿದ್ರೂ ಸರಿ. ಕಾಲ್‌ಶೀಟ್ ಅಂದ್ರೆ ಕಲಾವಿದರ ದಿನಗಳನ್ನ ಹೆಂಗೆ ಹೊಂದಿಸ್ತಾರೆ, ದಿನದ ಭತ್ಯೆ ಬಾಟಾ ಎಷ್ಟು, ಜನರೇಟರ್ ಡೀಸೆಲ್ ಎಷ್ಟು ಕುಡಿಯತ್ತೆ, ಊಟ ಅರ್ಧ ಗಂಟೆ ತಡ ಆದ್ರೆ ಎಷ್ಟು ಶಾಟ್ ಹೋಗತ್ತೆ, ಇದೆಲ್ಲ ಕಣ್ಣಾರೆ ನೋಡಿ. ಆಮೇಲೆ ಬರೆಯೋವಾಗ ಕೈ ತಾನೇ ಬಿಗಿಯಾಗತ್ತೆ. ಮೊದ್ಲೆಲ್ಲ ನಾನು ಜಾತ್ರೆ ನಡೀತಿದೆ ಅಂತ ಎರಡು ಪದ ಬರೆದು ಮುಂದಕ್ಕೆ ಹೋಗ್ತಿದ್ದೆ, ಆ ಎರಡು ಪದಕ್ಕೆ ಇನ್ನೂರು ಜನ, ನಾಲ್ಕು ಅಂಗಡಿ, ಒಂದು ತೊಟ್ಟಿಲು ಬೇಕಾಗತ್ತೆ ಅಂತ ಚೆಕ್ ಬರೆಯೋ ದಿನ ಗೊತ್ತಾಯ್ತು. ಈಗ ಜಾತ್ರೆಯಿಂದ ವಾಪಸ್ ಬಂದ್ರು ಅಂತ ಬರೀತೀನಿ, ಕೈಲೊಂದು ಬತ್ತಾಸಿನ ಪೊಟ್ಟಣ ಸಾಕು. ಚಾನೆಲ್‌ನಿಂದ ಹಣ ಬರೋದು ಎಪಿಸೋಡ್ ಕೊಟ್ಟು ಎಷ್ಟೋ ದಿನ ಆದ್ಮೇಲೆ, ಲೈಟ್ ಹುಡುಗ್ರಿಗೆ ಕೊಡ್ಬೇಕಾಗಿರೋದು ಅವತ್ತು ಸಂಜೆ, ಆ ನಡುವಿನ ಗ್ಯಾಪ್ ತುಂಬೋಕೆ ದುಡ್ಡಿಲ್ದೇ ಶುರು ಮಾಡ್ಬೇಡಿ. ನಾವು ಶುರು ಮಾಡಿದ್ವಿ, ಪಾಲುದಾರನ ಹೆಂಡ್ತಿ ಬಳೆ ಹೋಯ್ತು, ಈಗ ವಾಪಸ್ ಬಂದಿದೆ, ಎರಡರಲ್ಲಿ ಒಂದು.

ಖರ್ಚು ಉಳಿಸೋಕೆ ಅಂತ ಊರಲ್ಲೇ ಶೂಟ್ ಮಾಡೋ ಯೋಚ್ನೆ ಎಲ್ರಿಗೂ ಬರತ್ತೆ. ಆಗುಂಬೆಲಿ ಶಂಕರ್‌ನಾಗ್ ಆರ್.ಕೆ. ನಾರಾಯಣರ ಮಾಲ್ಗುಡಿ ಕಟ್ಟಿದ್ರು, ನಮ್ಮನೆ ಹತ್ರದ ಅರಸಾಳು ಸ್ಟೇಷನ್ನೇ ಆ ಸೀರಿಯಲ್ಲಿನ ರೈಲ್ವೆ ಸ್ಟೇಷನ್ ಆಗಿತ್ತು, ಈಗ ಅಲ್ಲೊಂದು ಮ್ಯೂಸಿಯಂ ಇದೆ, ಅದನ್ನ ನೋಡ್ಕೊಂಡು ಬೆಳೆದವ್ರು ನಾವು. ಮಾಡಿ, ಆದ್ರೆ ನವೆಂಬರಿಂದ ಫೆಬ್ರವರಿ ಒಳಗೆ ಮಾಡಿ. ಮತ್ತೆ ಆ ಟೈಮಲ್ಲೇ ಅಡಿಕೆ ಕೊಯ್ಲು ಅನ್ನೋದು ನೆನಪಿರ್ಲಿ, ಅಂಗಳದ ತುಂಬ ಅಡಿಕೆ ಹರವಿರ್ತಾರೆ, ಟ್ರೈಪಾಡ್ ಇಡೋಕೆ ಜಾಗ ಇರಲ್ಲ, ಸುಲಿಯೋರ ಮಾತು ಸೌಂಡಲ್ಲಿ ಬರತ್ತೆ, ಊರಲ್ಲಿ ಕೂಲಿಗೆ ಒಬ್ರೂ ಸಿಗಲ್ಲ. ಲೊಕೇಶನ್ ಬಾಡಿಗೆನ ಮುಂಚೆನೇ ಮಾತಾಡಿ ಬರ್ಕೊಳಿ, ಸಂಬಂಧಿಕ್ರ ಮನೆ ಆದ್ರಂತೂ ಖಂಡಿತ ಬರ್ಕೊಳಿ. ನಮ್ಮ ಮೊದಲ ಪೈಲಟ್, ಅಂದ್ರೆ ಚಾನೆಲ್‌ಗೆ ಮಾದರಿಗೆ ಅಂತ ಮಾಡೋ ಎಪಿಸೋಡಿಗೆ ನಮ್ಮನೆನೇ ಲೊಕೇಶನ್ ಅಂತ ಆಯ್ತು, ಅದೇ ಜಗಲಿ, ಅದೇ ಮೆತ್ತು, ಅಪ್ಪಯ್ಯನ ಹತ್ರ ಹೋಗಿ ನಾಲ್ಕು ದಿನಕ್ಕೆ ಬಾಡಿಗೆ ಎಷ್ಟು ಅಂದ್ಕೊಳಣ ಅಂತ ಕೇಳಿದೆ. ಅವ್ರು ಎಲೆಅಡಿಕೆ ಕವಳ ಉಗಿದು ಬಂದು ಕೂತು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಈಗ್ಲೇ ಹೇಳಲ್ಲ ತಡಿ, ಇನ್ನೂ ಏರತ್ತೆ ಅಂದ್ರು.